ಕೆಂಪಾಗದ ಪರೀಕ್ಷೆ

ಕೋಡ್‌ನ ಆ ಸಾಲನ್ನು ಅಳಿಸಿದ ಮೇಲೂ ಪರದೆ ಹಸಿರಾಗಿಯೇ ಇತ್ತು. ಟೆಸ್ಟರ್ ಕಣ್ಣುಜ್ಜಿಕೊಂಡಳು. ಅವಳು ಅಳಿಸಿದ್ದು ಅಂತಿಂಥ ಸಾಲಲ್ಲ. ಆಸ್ಪತ್ರೆಯ ಡ್ರಿಪ್ ಯಂತ್ರದ ಕೊಳವೆಯೊಳಗೆ ಗಾಳಿಗುಳ್ಳೆ ಬಂದರೆ ಔಷಧಿಯನ್ನು ತಡೆದು ನಿಲ್ಲಿಸುವ ಸಾಲು. ಬೇಕೆಂದೇ ಅಳಿಸಿದ್ದಳು. ಹೊರಗಿನ ಕಂಪನಿಯಿಂದ ತಂದು ಟೆಸ್ಟ್‌ಗಳನ್ನು ಓಡಿಸುವ ತಮ್ಮ ಫ್ರೇಮ್‌ವರ್ಕ್‌ಗೆ ಜೋಡಿಸಿದ, ಈ ಯಂತ್ರದ ಟೆಸ್ಟ್‌ಗಳಿರುವ ಪ್ಲಗಿನ್ ಇಂಥ ತಪ್ಪನ್ನು ಹಿಡಿದು ಕೆಂಪು ತೋರಿಸಬೇಕಿತ್ತು. ಜೋಡಿಸಿದಾಗಿನಿಂದ ಒಮ್ಮೆಯೂ ಕೆಂಪಾಗಿಲ್ಲವಲ್ಲ ಎಂಬ ಅನುಮಾನಕ್ಕೇ ಈ ಕಿತಾಪತಿ.

"ಏನಮ್ಮಾ, ಹಸಿರು ಬಂದ್ರೂ ಮುಖ ಹುಳ್ಳಗೆ?" ಮ್ಯಾನೇಜರ್ ಹಿಂದಿನಿಂದ ಬಗ್ಗಿ ನೋಡಿದರು. "ಮಗ ಪಾಸಾದ ಅಂತ ಅಳೋ ತಾಯೀನ ಇವತ್ತೇ ನೋಡಿದ್ದು."

"ಪುಸ್ತಕಾನೇ ಮುಟ್ಟದೋನು ಪಾಸಾದ್ರೆ ಅನುಮಾನ ಬರಲ್ವಾ ಸಾರ್? ಪ್ಲಗಿನ್ನೇ ಸರಿ ಇಲ್ವೋ, ನಾನೇ ಜೋಡಿಸೋದ್ರಲ್ಲಿ ಎಡವಿದ್ದೀನೋ, ತಲೆಬುಡ ತಿಳೀತಿಲ್ಲ."

ಕೊನೆಗೆ ಪ್ಲಗಿನ್ನನ್ನೇ ಪೂರ್ತಿ ಕಿತ್ತುಹಾಕಿ ಮತ್ತೆ ಓಡಿಸಿದಳು. ಪರದೆ ಒಂದು ಕ್ಷಣ ಕಪ್ಪಾಗಿ, ಮತ್ತೆ ಹಸಿರಾಯಿತು. ಫ್ರೇಮ್‌ವರ್ಕ್ ಪ್ಲಗಿನ್ನನ್ನು ಯಾವತ್ತೂ ಕೆಲಸಕ್ಕೆ ಕರೆದೇ ಇರಲಿಲ್ಲ. ಒಂದು ಟೆಸ್ಟೂ ನಡೆದಿರಲಿಲ್ಲ, ಆದ್ದರಿಂದ ಒಂದೂ ಸೋತಿರಲಿಲ್ಲ. ಅಷ್ಟಕ್ಕೇ ಫ್ರೇಮ್‌ವರ್ಕ್ ಹಸಿರು ಬಾವುಟ ಹಾರಿಸುತ್ತ ಬಂದಿತ್ತು.

"ಸದ್ಯ, ಈ ಸಲದ ಯಂತ್ರಗಳು ಇನ್ನೂ ಇಲ್ಲೇ ಇವೆ," ಎಂದು ನಗಲು ಹೋದ ಮ್ಯಾನೇಜರ್ ಅರ್ಧಕ್ಕೇ ನಿಲ್ಲಿಸಿದರು.

ಅವಳು ನಿಧಾನವಾಗಿ ಅವರ ಕಡೆ ತಿರುಗಿದಳು. "ಹೋದ ತಿಂಗಳು ಇದೇ ಹಸಿರು ನೋಡಿ ಮಕ್ಕಳ ವಾರ್ಡಿಗೆ ಕಳಿಸಿದ್ವಲ್ಲ ಸಾರ್, ಅವು?"

ಅವರು ಆಗಲೇ ಆಸ್ಪತ್ರೆಯ ನಂಬರ್ ಒತ್ತಿ, ಫೋನನ್ನು ಕಿವಿಗಿಟ್ಟುಕೊಂಡಿದ್ದರು.