ಅವಳ ಹೆಸರಿನ ಹೆಜ್ಜೆಗಳು

“ಅಜ್ಜಿ ಗೆದ್ದುಬಿಟ್ರು ತಾತ. ನಿಮ್ಮ ಬೆಳಗಿನ ನಡಿಗೆ ಮಾತ್ರ ಮೊದಲಿನ ಹಾಗೆ ಬರೀ ಸೊನ್ನೆ,” ಎಂದು ಸಂಶೋಧನೆಯ ಹುಡುಗಿ ನಗುತ್ತ ಕಂಪ್ಯೂಟರನ್ನು ಮುದುಕನ ಕಡೆಗೆ ತಿರುಗಿಸಿದಳು. ವಯಸ್ಸಾದವರಿಗೆ ನಡೆಯುವ ಅಭ್ಯಾಸ ಹೇಗೆ ಹತ್ತುತ್ತದೆಂದು ತಿಳಿಯಲು ಗಂಡ ಹೆಂಡತಿ ಇಬ್ಬರ ಕೈಗೂ ಅವಳು ಹೆಜ್ಜೆ ಎಣಿಸುವ ಪಟ್ಟಿ ಕಟ್ಟಿ ಆರು ತಿಂಗಳಾಗಿತ್ತು. “ನಡುವೆ ನಾಲ್ಕು ದಿನ ಅಜ್ಜಿದು ಖಾಲಿ. ಆಮೇಲೆ ಇಪ್ಪತ್ತು ದಿನ ಒಂದೂ ತಪ್ಪಿಸಿಲ್ಲ. ಮತ್ತೆ ಶುರು ಮಾಡೋಕೆ ಏನು ಕಾರಣ ಅಂತ ಕೇಳಿ ಬರ್ಕೋಬೇಕು. ಹೊರಗೆ ಕೂತಿದ್ದಾರಾ?”

ಮುದುಕ ಅಂಗಿಯ ತೋಳನ್ನು ಮೇಲೆ ಸರಿಸಿದ. ಮಣಿಕಟ್ಟಿನಲ್ಲಿ ಹೆಂಡತಿಯ ನೀಲಿ ಪಟ್ಟಿಯಿತ್ತು. ಅವಳ ಸಣ್ಣ ಕೈಗೆ ಅಳತೆಯಾಗಿದ್ದ ಅದರ ತುದಿಯಲ್ಲಿ, ಕಾದ ಸೂಜಿಯಿಂದ ಚುಚ್ಚಿದ ಹೊಸ ತೂತೊಂದಿತ್ತು. “ಆ ನಾಲ್ಕು ದಿನದಲ್ಲಿ ಮೊದಲನೇ ದಿನ ದೇವರು ಅವಳನ್ನ ಕರ್ಕೊಂಡ ತಾಯಿ. ಆಮೇಲಿನ ಹೆಜ್ಜೆ ನಂದು.”

ಹುಡುಗಿಯ ನಗು ಆರಿಹೋಯಿತು. ಕಂಪ್ಯೂಟರನ್ನು ತನ್ನ ಕಡೆಗೆ ತಿರುಗಿಸಿಕೊಂಡು, “ಹಾಗಾದ್ರೆ ಇವನ್ನ ನಿಮ್ಮ ಹೆಸರಿಗೆ ಹಾಕ್ಬೇಕಾಗುತ್ತೆ ತಾತ,” ಎಂದಳು ಮೆಲ್ಲಗೆ.

“ಬೇಡ ಮಗಳೇ. ದಿನಾ ಬೆಳಗ್ಗೆ ಚಪ್ಪಲಿ ಮೆಟ್ಕೊಂಡು ಬಾಗಿಲಲ್ಲಿ ನಿಂತು, ‘ಏಳ್ರೀ, ಒಬ್ಬಳೇ ಹೋಗೋಕೆ ಬೇಜಾರು’ ಅಂತಿದ್ಲು. ನಾಳೆ ಬರ್ತೀನಿ ಅಂತ ನಾನು ಮಗ್ಗುಲು ಬದಲಾಯಿಸ್ತಿದ್ದೆ.” ಅವನು ತೋಳನ್ನು ಕೆಳಗೆಳೆದು ಪಟ್ಟಿಯನ್ನು ಮುಚ್ಚಿಕೊಂಡ. “ನನ್ನ ಹೆಸರಿಗೆ ಆ ಸೊನ್ನೆಗಳೇ ಇರಲಿ.”