ಸಂಪಿನ ಮುಚ್ಚಳ

ತನುಶ್ರೀ ಮುಚ್ಚಳದಿಂದ ಕೈ ತೆಗೆದಳು. ಅದು ಬೀಳಲಿಲ್ಲ, ಸಂಪಿನ ಬಾಯಿ ತೆರೆದು ಅಲುಗಾಡದೆ ನೆಟ್ಟಗೆ ನಿಂತಿತು. ಬಾಗಿಸಿ ಅರ್ಧಕ್ಕೆ ತಂದು ಬಿಟ್ಟಳು. ಅಲ್ಲಿಂದ ಮುಂದಕ್ಕೆ ಸ್ಪ್ರಿಂಗೇ ಅದನ್ನು ಮೆಲ್ಲಗೆ ಇಳಿಸಿ ಮುಚ್ಚಿತು. ತೆರೆದರೆ ತೆರೆದೇ ಇರಬೇಕು, ಮುಚ್ಚಿದರೆ ಮುಚ್ಚಿಯೇ ಇರಬೇಕು, ನಡುವೆ ಎಲ್ಲೂ ನಿಲ್ಲಬಾರದು. ಅಂಥದೊಂದು ಕೀಲು ಕೈಗೆ ಹತ್ತುವ ಹೊತ್ತಿಗೆ ಅವಳಿಗೆ ಸಾಕುಸಾಕಾಗಿತ್ತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಬೀರುಗಳ ಕೀಲು ವಿನ್ಯಾಸ ಮಾಡುವುದು ಅವಳ ಕೆಲಸ. ಇದನ್ನು ಮಾತ್ರ ರಜೆಯ ದಿನಗಳಲ್ಲಿ, ಚಾಮರಾಜಪೇಟೆಯ ತಮ್ಮ ಮನೆಯಂಗಳಕ್ಕೆಂದೇ ಮಾಡಿದ್ದಳು.

“ಭೇಷ್!” ಎಂದರು ತಾತ ನಂಜುಂಡಯ್ಯ. “ತೆಗೆದ್ರೆ ನಿಂತ್ಕೊಳತ್ತೆ. ನೋಡು, ಇದೇ ಬೇಕಾಗಿದ್ದಿದ್ದು.”

ಅಜ್ಜಿ ಸರ್ವಮಂಗಳಾ ಹೊಸಿಲು ದಾಟಿರಲಿಲ್ಲ. “ನಿಂತ್ಕೊಂಡ್ರೆ ಏನ್ ಬಂತು? ಕೈ ಬಿಟ್ಟ ತಕ್ಷಣ ತಾನೇ ಮುಚ್ಕೋಬೇಕು. ಯಾರಾದ್ರೂ ತೆಗೆದಿಟ್ಟು ಮರೆತು ಹೋದ್ರೆ?”

“ಒಳಗಿಳಿದೋನ ತಲೆ ಮೇಲೆ ಮುಚ್ಕೊಂಡ್ರೆ?”

“ತಾನೇ ಮುಚ್ಕೊಂಡಿದ್ದಿದ್ರೆ ಯಾರೂ ಇಳಿಯೋ ಪ್ರಮೇಯಾನೇ ಬರ್ತಿರ್ಲಿಲ್ಲ.”

ಈ ಜಗಳ ತನುಶ್ರೀಗೆ ಬಾಯಿಪಾಠ. ಅದು ಹುಟ್ಟಿದ್ದೇ ಅವಳಿಂದ. ಅವಳು ಆಗತಾನೇ ನಡೆಯಲು ಕಲಿತಿದ್ದಾಗ, ಟ್ಯಾಂಕರಿನವನು ನೀರು ತುಂಬಿಸಿ ಮುಚ್ಚಳವನ್ನು ಗೋಡೆಗೆ ಒರಗಿಸಿದಂತೆಯೇ ಬಿಟ್ಟು ಹೋಗಿದ್ದ. ಮಗು ಸಂಪಿಗೆ ಬಿತ್ತು. ತಾತ ಹಿಂದೆಯೇ ಧುಮುಕಿ ಎತ್ತಿ ಹೆಗಲಿಗೆ ಹಾಕಿಕೊಂಡರು. ಅವರು ಧುಮುಕಿದ ರಭಸಕ್ಕೋ ಏನೋ, ಕಬ್ಬಿಣದ ಮುಚ್ಚಳ ಧಡಾರನೆ ಬಿದ್ದು ಮುಚ್ಚಿಕೊಂಡಿತು. ಕುತ್ತಿಗೆಮಟ್ಟದ ನೀರು, ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದಂಥ ಕತ್ತಲೆ, ಎತ್ತಿದ ಕೈಗೆ ಎಟುಕದ ಬಾಯಿ. ಕೊನೆಗೆ ಎದುರುಮನೆಯ ಬೈರಯ್ಯ ಬಂದು ಮುಚ್ಚಳ ಎತ್ತಿದರು. ತಾತ ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ತನುಶ್ರೀಗೆ ಮಾತ್ರ ಏನೊಂದೂ ನೆನಪಿಲ್ಲ.

ಅವಳು ಸ್ಪ್ಯಾನರ್ ಎತ್ತಿಕೊಂಡಳು. “ಆಯ್ತಜ್ಜಿ, ತಾನೇ ಮುಚ್ಕೋಬೇಕು ಅಂದ್ರೆ ಈ ಬೋಲ್ಟ್ ಒಂಚೂರು ಸರಿಸಿದ್ರೆ ಆಗೋಯ್ತು. ಅದಿರ್ಲಿ, ಅವತ್ತು ನೀನೆಲ್ಲಿದ್ದೆ?”

ಕೇಳಿದ ಮೇಲೆ ಅವಳಿಗೇ ವಿಚಿತ್ರವೆನಿಸಿತು. ಇಷ್ಟು ವರ್ಷ ಯಾರೂ ಇದನ್ನು ಕೇಳಿರಲಿಲ್ಲ. ಎಲ್ಲರೂ ಕೇಳಿದ್ದು ಸಂಪಿನ ಒಳಗಿನ ಕಥೆಯನ್ನು.

“ಇಲ್ಲೇ,” ಎಂದರು ಸರ್ವಮಂಗಳಾ. “ಮೇಲೆ.”

“ಮೇಲೆ ಅಂದ್ರೆ?”

“ಮುಚ್ಚಳ ಎತ್ತೋಕೆ ನೋಡ್ದೆ. ಜಪ್ಪಯ್ಯ ಅಂದ್ರೂ ಬರ್ಲಿಲ್ಲ. ಒಳಗಿಂದ ಇವರು ಮಂಗಳಾ, ಮಂಗಳಾ ಅಂತ ಕೂಗ್ತಾನೇ ಇದ್ರು. ಜನ ಕರೆಯೋಕೆ ಓಡ್ಲಾ, ಎತ್ಲಾ, ಒಂದೂ ತೋಚ್ಲಿಲ್ಲ. ಓಡಿದ್ರೆ, ಬಿಟ್ಟು ಹೋದ್ಲು ಅನ್ಕೋತಾರೆ ಅಂತ ಅಲ್ಲೇ ಎಳೀತಾ ಕೂತೆ. ಆಮೇಲೆ ಬೈರಯ್ಯನ ಮನೆಗೆ ಓಡ್ದೆ.”

ನಂಜುಂಡಯ್ಯ ಹೆಂಡತಿಯ ಮುಖ ನೋಡಿದರು. “ನೀನು ಅಡುಗೆಮನೇಲಿದ್ದೆ, ನಿಂಗೆ ಕೇಳಿಸ್ಲಿಲ್ಲ ಅನ್ಕೊಂಡಿದ್ದೆ.”

“ಕೇಳಿಸ್ತು,” ಎಂದರು ಸರ್ವಮಂಗಳಾ.

ಬೀದಿಯಲ್ಲಿ ಸೊಪ್ಪಿನ ಗಾಡಿಯವನು ಕೂಗುತ್ತ ಹಾದುಹೋದ. ತನುಶ್ರೀ ಸ್ಪ್ಯಾನರನ್ನು ಕೆಳಗಿಟ್ಟಳು. “ಬಾ ಅಜ್ಜಿ. ಒಂದ್ಸಲ ನೀನೇ ಎತ್ತಿ ನೋಡು.”

ಬರುವುದಿಲ್ಲವೇನೋ ಅಂದುಕೊಂಡಿದ್ದಳು. ಸರ್ವಮಂಗಳಾ ಮೆಟ್ಟಿಲಿಳಿದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಅಗಲಿಸಿ ನಿಂತು ಹಿಡಿಗೆ ಎರಡೂ ಕೈ ಹಾಕಿದರು. ಹಲ್ಲು ಕಚ್ಚಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಳೆದರು. ಮುಚ್ಚಳ ಹಗುರವಾಗಿ ಮೇಲಕ್ಕೆ ಬಂತು. ಅಷ್ಟು ಬಲ ಬೇಕೇ ಇರದಿದ್ದರಿಂದ ಅಜ್ಜಿ ಹಿಂದಕ್ಕೆ ವಾಲಿದರು. ತನುಶ್ರೀ ತೋಳು ಹಿಡಿದುಕೊಂಡಳು.

ಅವರು ತೋಳು ಬಿಡಿಸಿಕೊಂಡರು. ಮುಚ್ಚಳವನ್ನು ಮುಚ್ಚಿದರು. ಈ ಸಲ ಒಂದೇ ಕೈಯಲ್ಲಿ ಎತ್ತಿದರು. ಮತ್ತೆ ಮುಚ್ಚಿ, ಮತ್ತೆ ಎತ್ತಿದರು. ಕೊನೆಗೆ ಅದನ್ನು ತೆರೆದೇ ಬಿಟ್ಟು, ಬಗ್ಗಿ ಕೀಲಿನ ಪಕ್ಕದ ದಪ್ಪ ಸುರುಳಿಯನ್ನು ಬೆರಳಲ್ಲಿ ಮುಟ್ಟಿ ನೋಡಿದರು.

“ಈ ಸ್ಪ್ರಿಂಗು ಆಗ್ಲೂ ಸಿಕ್ತಿತ್ತಾ?”

ತನುಶ್ರೀ ಅದನ್ನು ತಂದಿದ್ದು ಮಾಮೂಲ್‌ಪೇಟೆಯಿಂದ. ಅವಳು ಹುಟ್ಟುವ ಮೊದಲಿನಿಂದಲೂ ತಾತ ಅಲ್ಲೇ ಕಬ್ಬಿಣದ ಸಾಮಾನಿನ ಅಂಗಡಿ ನಡೆಸಿದ್ದವರು. ಇಂಥ ಸ್ಪ್ರಿಂಗುಗಳು ಆಗಲೂ ಅಂಗಡಿಯ ಬಾಗಿಲಿನಲ್ಲೇ ಗೊಂಚಲು ಗೊಂಚಲಾಗಿ ತೂಗಾಡುತ್ತಿದ್ದವು.

“ಇಲ್ಲಜ್ಜಿ,” ಎಂದಳು. “ಇದು ಈಗೀಗ ಬಂದಿರೋದು.”

ಸರ್ವಮಂಗಳಾ ಗಂಡನ ಕಡೆ ತಿರುಗಿದರು. ನಂಜುಂಡಯ್ಯ ಸಂಪಿನೊಳಗಿನ ನೀರನ್ನು ನೋಡುತ್ತಿದ್ದರು.

“ಹೌದು,” ಎಂದರು ತಾತ. “ಈಗೀಗ ಬಂದಿರೋದು.”