ಕಿವಿಯಲ್ಲಿ ಓಡುವ ಇಂಗ್ಲಿಷ್

ಸೊಸೆ ನರ್ಸು. ವಿದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ದೊಡ್ಡ ದೊಡ್ಡ ಪದಗಳು ಕಿವಿಗೆ ಬೀಳುತ್ತಲೇ ಇದ್ದರೆ ತಾವಾಗಿಯೇ ತಲೆಗೆ ಹತ್ತುತ್ತವೆ ಎಂದು ಕೋಚಿಂಗಿನವರು ಹೇಳಿದ್ದರಿಂದ ಸದಾ ಇಯರ್‌ಫೋನ್ ಹಾಕಿಕೊಂಡು ಇಂಗ್ಲಿಷ್ ಭಾಷಣ ಕೇಳುತ್ತಲೇ ಇರುತ್ತಿದ್ದಳು.

ಆ ಭಾಷಣಗಳು ಬರೀ ನಿದ್ದೆ ತರಿಸಿದವು. ಕೇಳುವುದನ್ನು ನಿಲ್ಲಿಸಿಬಿಟ್ಟಳು. ಇಯರ್‌ಫೋನ್ ಮಾತ್ರ ತೆಗೆಯಲಿಲ್ಲ. ಅದು ಕಿವಿಯಲ್ಲಿರುವಷ್ಟು ಹೊತ್ತು ಮನೆಯಲ್ಲಿ ಯಾರೂ ಅವಳಿಗೆ ಕೆಲಸ ಹೇಳುತ್ತಿರಲಿಲ್ಲ!

ಒಂದು ಮಧ್ಯಾಹ್ನ ಅವಳು ಸೋಫಾದಲ್ಲಿ ಕಣ್ಣು ಮುಚ್ಚಿ ಕೂತಿದ್ದಾಗ ಎದುರು ಮನೆಯ ಸುಗುಣಮ್ಮ ಬಂದರು. ಅತ್ತೆ ಅವರೆಕಾಯಿ ಸುಲಿಯುತ್ತಾ ಶುರು ಮಾಡಿದರು.

"ಇವಳು ಪಾಸಾಗೋದು ಅಷ್ಟರಲ್ಲೇ ಇದೆ ಬಿಡಿ. ಫೇಲಾದ್ರೆ ನನಗೂ ಒಳ್ಳೇದೇ. ಅಡುಗೆಮನೆ ಪೂರ್ತಿ ಅವಳಿಗೆ ಒಪ್ಪಿಸಿ ಕಾಲು ಚಾಚ್ಕೊಂಡು ಸೀರಿಯಲ್ ನೋಡ್ತೀನಿ."

"ಮೆಲ್ಲಗೆ ಮಾತಾಡ್ರೀ, ಕೇಳಿಸ್ಕೊಂಡಾಳು!"

"ಅವಳಿಗೆಲ್ಲಿ ಕೇಳಿಸುತ್ತೆ? ಕಿವೀಲಿ ಇಂಗ್ಲಿಷ್ ಓಡ್ತಿದೆ."

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಪಾತ್ರೆ ತೊಳೆಯುವಾಗಲೂ, ಬಟ್ಟೆ ಒಣಹಾಕುವಾಗಲೂ ಒಂದು ಪದ ಬಿಡದೆ ಕೇಳಿದಳು. ಪರೀಕ್ಷೆ ಪಾಸಾದ ದಿನ ಫಲಿತಾಂಶವನ್ನು ಮೊದಲು ಅತ್ತೆಯ ಮುಖಕ್ಕೇ ಹಿಡಿದಳು.

ಸಿಹಿ ತಿನ್ನಲು ಬಂದ ಸುಗುಣಮ್ಮ ಪಿಸುಗುಟ್ಟಿದರು. "ಅವತ್ತು ನೀವಂದಿದ್ದು ಅವಳಿಗೆ ಕೇಳಿಸ್ಲಿಲ್ಲ. ಸದ್ಯ, ಬಚಾವಾದ್ರಿ!"

ಅತ್ತೆ ಸುಗುಣಮ್ಮನ ತಟ್ಟೆಗೆ ಇನ್ನೊಂದು ಸೌಟು ಕೇಸರಿಬಾತ್ ಹಾಕಿದರು.

"ಫೋನು ಅಡುಗೆಮನೇಲಿ ಚಾರ್ಜಿಗಿತ್ತು, ಇಯರ್‌ಫೋನಿನ ತುದಿ ಸೋಫಾದಿಂದ ಕೆಳಗೆ ಜೋತಾಡ್ತಿತ್ತು. ಅದಕ್ಕೇ ಅಲ್ವೇನ್ರೀ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು!"